ಎಮ್ಮೆಯ ಜಾಗದಲ್ಲಿ ಅಳಿಯ

ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ನನ್ನ ಮೊಣಕಾಲಿಗೆ ಒದ್ದೆ ಮೂತಿಯೊಂದು ತಗುಲಿತು. ನೋಡಿದರೆ ಎಮ್ಮೆ! ಮೇಯ್ದುಕೊಂಡು ಮುಂಬಾಗಿಲಿನಿಂದಲೇ ನೇರ ಒಳಗೆ ಬಂದಿತ್ತು.

ರಾಯಲ್ಪಾಡಿನ ಹತ್ತಿರದ ನಮ್ಮ ಅತ್ತೆಯ ಮನೆ ಹಳೇ ಕಾಲದ್ದು. ದನಕ್ಕೂ ಜನಕ್ಕೂ ಒಂದೇ ಬಾಗಿಲು. ಒಳಗೆ ಒಂದು ಬದಿ ಕೊಟ್ಟಿಗೆ, ಇನ್ನೊಂದು ಬದಿ ನಡುಮನೆ. ಬಾಮೈದ ಆ ಕೊಟ್ಟಿಗೆಗೆ ಟೈಲ್ಸ್ ಹಾಕಿಸಿ ಹಾಲ್ ಮಾಡಿ, ಎಮ್ಮೆಗೆ ಹಿತ್ತಲಲ್ಲಿ ಫ್ಯಾನ್ ಇರುವ ಶೆಡ್ ಕಟ್ಟಿಸಿದ್ದ. ಎಮ್ಮೆ ಒಪ್ಪಿದ ಹಾಗಿರಲಿಲ್ಲ.

ಗದರಿದೆ, ಕದಲಲಿಲ್ಲ. ಓಡಿಬಂದ ಅತ್ತೆ ಅದನ್ನು ಬೈಯುತ್ತಾರೆಂದುಕೊಂಡೆ, ನನ್ನನ್ನೇ ಎಬ್ಬಿಸಿದರು.

"ಅಳಿಯಂದ್ರೇ, ಸ್ವಲ್ಪ ಆ ಕಡೆ ಜರುಗಿ. ಪಾಪ, ಅದನ್ನ ಕಟ್ಟೋ ಜಾಗದಲ್ಲೇ ಕೂತ್ಬಿಟ್ಟಿದ್ದೀರ!"

ಈಗ ಸೋಫಾ ಶೆಡ್ಡಿನಲ್ಲಿದೆ. ಹಬ್ಬಕ್ಕೆ ಹೋದಾಗ ಅಳಿಯನ ಉಪಚಾರವೆಲ್ಲ ಅಲ್ಲೇ. ಫ್ಯಾನ್ ಮಾತ್ರ ಚೆನ್ನಾಗಿ ತಿರುಗುತ್ತದೆ.