ಮೇಲಿನ ಮೊಳೆಯ ಟೋಪಿ

ನಮ್ಮ ಮನೆಯಲ್ಲಿ ಚೂಪಾದ ಮೂಲೆ ಎನ್ನುವುದೇ ಇರಲಿಲ್ಲ. ಮೇಜಿನ ಅಂಚು, ಮಂಚದ ಕಾಲು, ಬಾಗಿಲ ಚೌಕಟ್ಟು, ಬಚ್ಚಲ ಕಟ್ಟೆ, ಎಲ್ಲಕ್ಕೂ ಅತ್ತಿಗೆ ಸ್ಪಂಜು ಸುತ್ತಿ ಬಿಗಿಯಾಗಿ ಹೊಲಿದಿದ್ದಳು. ಅವಳು ಹಾಸಿಗೆ ಕಾರ್ಖಾನೆಯಲ್ಲಿ ಅಂಚು ಹೊಲಿಯುವವಳು. ಕತ್ತರಿಸಿ ಉಳಿದ ಚೂರುಗಳನ್ನು ಮೇಸ್ತ್ರಿಯನ್ನು ಕಾಡಿ ಬೇಡಿ ತರುತ್ತಿದ್ದಳು. ಮನೆಗೆ ಬಂದವರು, "ಇದೇನ್ರೀ, ನಿಮ್ಮನೇಲಿ ಬಾಗಿಲಿಗೂ ಚಳಿಯಾ?" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಕಾರಣ ಮಾತ್ರ ಹೇಳುತ್ತಿರಲಿಲ್ಲ.

ಕಾರಣ ಮೆಣಸು. ಮೆಣಸು ಅವಳ ಮಗಳು, ನನ್ನ ಅಣ್ಣನ ಮಗಳು. ಸಣ್ಣಗೆ, ಕಪ್ಪಗೆ, ಬಾಯಿ ಬಿಟ್ಟರೆ ಖಾರ. ಅವಳಿಗೆ ಹುಟ್ಟಿದಾಗಿನಿಂದ ಫಿಟ್ಸ್ ಇತ್ತು. ಆಸ್ಪತ್ರೆಯ ಸಿರಪ್ಪು ತಪ್ಪದೆ ಕುಡಿದರೆ ಹತೋಟಿಯಲ್ಲಿರುತ್ತಿತ್ತು. ಅಕಸ್ಮಾತ್ ಬಿದ್ದರೂ ತಲೆಗೆ ಪೆಟ್ಟಾಗದಿರಲಿ ಎಂದು ಅಲ್ಲಿಯವರೇ ಅಳತೆ ತೆಗೆದು ಒಂದು ನೀಲಿ ಟೋಪಿ ಮಾಡಿಸಿಕೊಟ್ಟಿದ್ದರು. ಹೊರಗೆ ಸ್ಪಂಜು, ಒಳಗೆ ಗಟ್ಟಿ ಚಿಪ್ಪು, ಗಲ್ಲಕ್ಕೊಂದು ಪಟ್ಟಿ. ಸೂಜಿ ಕೈಗೆ ಬಂದರೆ ಏನು ಬೇಕಾದರೂ ಹೊಲಿಯುವ ಅತ್ತಿಗೆ ಅಂಥದ್ದೇ ಇನ್ನೊಂದು ಹೊಲಿಯಲು ಹೋಗಿ ಸೋತಿದ್ದಳು.

ನಾನು ಅವಳ ನಾದಿನಿ. ಅತ್ತಿಗೆ ಎಂದು ಕರೆಯುತ್ತೇನೆ, ಆದರೆ ಇಬ್ಬರದೂ ಒಂದೇ ವಯಸ್ಸು. ಜಗಳವೆಲ್ಲ ಏಕವಚನದಲ್ಲೇ. ಅಣ್ಣ ಹೋದಮೇಲೆ ನಾನು ಅವಳನ್ನು ಬಿಟ್ಟು ಹೋಗಲಿಲ್ಲ, ಅವಳೂ ನನ್ನನ್ನು ಹೋಗು ಎನ್ನಲಿಲ್ಲ. ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತೇನೆ. ದಿನವಿಡೀ ಜನರ ಮೇಲೆ ರೇಗಿ, ಮಿಕ್ಕಿದ್ದನ್ನು ಮನೆಗೆ ತರುತ್ತೇನೆ. ಅವಳು ನನ್ನ ಹಾಗಲ್ಲ, ಎಲ್ಲವನ್ನೂ ನುಂಗಿಕೊಳ್ಳುವವಳು.

ಅಣ್ಣ ಜ್ವರವೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವನು. ಬರುವಾಗ ನಾಲ್ಕು ಜನರ ಹೆಗಲ ಮೇಲೆ ಬಂದ. ಮಣ್ಣು ಮಾಡಿ ಬಂದ ದಿನ, ನಮ್ಮ ಕ್ರೈಸ್ತ ಸಭೆಯ ಹೆಂಗಸೊಬ್ಬಳು ಅತ್ತಿಗೆಯ ಬೆನ್ನು ಸವರುತ್ತಾ, "ಏನ್ಮಾಡೋದಮ್ಮಾ, ಪ್ರಾರ್ಥನೆ ಸಾಲದೇ ಹೋಯ್ತು" ಎಂದಳು. ಅವಳೇನೋ ಸಮಾಧಾನಕ್ಕೆಂದೇ ಅಂದಿರಬೇಕು. ಆ ಮಾತು ಅತ್ತಿಗೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಗಂಡನಿಗೆ ಸಾಲದೇ ಹೋದದ್ದು ಮಗಳಿಗೂ ಸಾಲದೇ ಹೋದರೆ? ಆ ಹೆದರಿಕೆಯಲ್ಲೇ ಅವಳು ಆಮೇಲೆ ಬದುಕಿದ್ದು.

ನಮ್ಮ ಸಭೆ ಕೂಡುತ್ತಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ತಗಡಿನ ಮಾಡು, ಸಿಮೆಂಟಿನ ನೆಲ, ಮುಂದೆ ಮೂರು ಮೆಟ್ಟಿಲ ವೇದಿಕೆ. ವೇದಿಕೆಯ ಹಿಂದಿನ ಗೋಡೆಗೆ ಸಾಕ್ಷಿಯ ಗೋಡೆ ಎಂದು ಹೆಸರು. ಪ್ರಾರ್ಥನೆಯಿಂದ ವಾಸಿಯಾದವರು ತಮಗೆ ಇನ್ನು ಬೇಡವಾದದ್ದನ್ನು ಅಲ್ಲಿ ಮೊಳೆಗೆ ತೂಗುಹಾಕುತ್ತಿದ್ದರು. ಊರುಗೋಲು, ಸೊಂಟದ ಬೆಲ್ಟು, ಮಂಡಿಗೆ ಹಾಕುವ ಪಟ್ಟಿ, ಒಂದೆರಡು ಕನ್ನಡಕ. ಪಾಸ್ಟರ ಕನ್ನಡಕ ಮಾತ್ರ ಅಲ್ಲಿರಲಿಲ್ಲ. ಸೋಡಾಬುಡ್ಡಿಯಂಥ ಗಾಜನ್ನು ಮೂಗಿಗೇರಿಸಿಕೊಂಡೇ ಅವರು ಬೈಬಲಿನಲ್ಲಿ ಕುರುಡನಿಗೆ ಕಣ್ಣು ಬಂದ ಭಾಗ ಓದುತ್ತಿದ್ದರು. ನಾನು ಇದನ್ನು ಪಿಸುಗುಟ್ಟಿದ್ದಕ್ಕೆ ಅತ್ತಿಗೆ ನನ್ನ ತೊಡೆ ಚಿವುಟಿದ್ದಳು. ಪಾಸ್ಟರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಣ್ಣನ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು.

ಒಂದು ಭಾನುವಾರ ಅವರು ಮೆಣಸಿನ ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಅತ್ತು ಪ್ರಾರ್ಥಿಸಿದರು. ಆಗ ಫಿಟ್ಸ್ ಬಂದು ಬಹಳ ದಿನವಾಗಿತ್ತು. ಬರದಿದ್ದದ್ದು ಸಿರಪ್ಪಿನ ದೆಸೆಯಿಂದ ಎಂದು ನಾನು ಬಡಕೊಂಡೆ, ಯಾರ ಕಿವಿಗೂ ಬೀಳಲಿಲ್ಲ. ಅತ್ತಿಗೆ ನೀಲಿ ಟೋಪಿಯನ್ನು ತನ್ನ ಕೈಯಾರೆ ಗೋಡೆಗೆ ಹಾಕಿದಳು. ಜನ ಎದ್ದು ನಿಂತು ಸ್ತೋತ್ರ ಎಂದರು. ಸಿರಪ್ಪು ಬಿಡಿಸಿ ಎಂದು ಪಾಸ್ಟರು ಹೇಳಲಿಲ್ಲ. ನಂಬಿದವರು ಎರಡು ದೋಣಿಯಲ್ಲಿ ಕಾಲಿಡಬಾರದು ಎಂದರು, ಅಷ್ಟೇ. ಅತ್ತಿಗೆಗೆ ಅಷ್ಟು ಸಾಕಾಯಿತು. ಸಿರಪ್ಪನ್ನು ನನಗೆ ತಿಳಿಯದಂತೆ ಬಚ್ಚಲಿಗೆ ಸುರಿದು, ಬಾಟಲಿಯಲ್ಲಿ ಬೆಲ್ಲದ ನೀರು ತುಂಬಿಟ್ಟಳು. ನಾನು ಅದನ್ನು ನೋಡಿ ನೋಡಿ ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತಿದ್ದೆ.

ಎಲ್ಲ ಹೊರಬಿದ್ದದ್ದು ಒಂದು ಶುಕ್ರವಾರ. ಮೈ ಹುಷಾರಿಲ್ಲವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಮೆಣಸು ಅಡಿಗೆಮನೆಯ ನೆಲದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ತಲೆಯ ಮೇಲೆ ನೀಲಿ ಟೋಪಿ ಇತ್ತು.

"ಇದು ಗೋಡೆ ಮೇಲಿರ್ಬೇಕಲ್ವೇನೇ?"

"ಭಾನುವಾರ ಮಾತ್ರ ಅತ್ತೆ," ಎಂದಳು ತಲೆ ಎತ್ತದೆ. "ಶನಿವಾರ ಅಮ್ಮ ಕಸ ಗುಡಿಸೋಕೆ ಹೋದಾಗ ತಗೊಂಡ್ಹೋಗಿ ನೇತಾಕ್ತಾಳೆ. ಭಾನುವಾರ ಎಲ್ರೂ ಹೋದ್ಮೇಲೆ ಬ್ಯಾಗಲ್ಲಿ ಹಾಕ್ಕೊಂಡು ಬರ್ತಾಳೆ. ಯಾರಿಗೂ ಹೇಳ್ಬಾರ್ದು."

ಸಭೆಯ ಬೀಗದ ಕೈ ಇದ್ದದ್ದು ಅತ್ತಿಗೆಯ ಹತ್ತಿರವೇ. ಗೋದಾಮು ಗುಡಿಸಿ ಒರೆಸುವುದು ಅವಳ ಸೇವೆ.

"ಫಿಟ್ಸ್ ಬರ್ತಿದೆಯಾ ಮತ್ತೆ?"

ಮಗು ಬಣ್ಣದ ಕಡ್ಡಿ ಕೆಳಗಿಟ್ಟಿತು. "ಬರುತ್ತೆ. ನಾನು ಸರಿಯಾಗಿ ನಂಬ್ತಾ ಇಲ್ವೇನೋ ಅತ್ತೆ. ನಂಬೋದು ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಕೊಂಡ್ರೂ ಬರುತ್ತೆ."

ನಾನು ಸಿರಪ್ಪಿನ ಬಾಟಲಿ ತೆಗೆದು ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ, ಬರೀ ಬೆಲ್ಲದ ನೀರು. ಸಂಜೆ ಅತ್ತಿಗೆ ಹೊಸಿಲು ದಾಟುವ ಮೊದಲೇ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವಳು ಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದಳು.

"ಟೋಪಿ ಹಾಕೋಕೆ ನಿನ್ನ ನಂಬಿಕೆ ಒಪ್ಪುತ್ತೆ, ಔಷಧಿಗೆ ಮಾತ್ರ ಒಪ್ಪಲ್ವಾ?" ಎಂದು ಕೇಳಿದೆ.

"ಔಷಧಿ ಅಂದ್ರೆ ಅನುಮಾನ ಕಣೇ. ಟೋಪಿ ಅಂದ್ರೆ ಬರೀ ಟೋಪಿ." ಅವಳು ಚೀಲವನ್ನು ಕೆಳಗಿಟ್ಟಳು. "ಆ ಆಸ್ಪತ್ರೆ ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ. ಅವರನ್ನ ಬಿಟ್ಟು ಬಂದ ಜಾಗ ಅದು. ಭಾನುವಾರ ಹೊರಗಿಂದ ದೊಡ್ಡ ಬೋಧಕರು ಬರ್ತಿದಾರೆ. ಅವರು ಕೈಯಿಟ್ರೆ ಪೂರ್ತಿ ಹೋಗುತ್ತೆ ಅಂತಾರೆ. ಅದೊಂದು ದಿನ ಸುಮ್ನಿರು. ನಿನ್ನ ಕಾಲಿಗೆ ಬೀಳ್ತೀನಿ."

"ಹೋಗದಿದ್ರೆ?"

"ಹೋಗದಿದ್ರೆ ಸೋಮವಾರ ನೀನು ಎಲ್ಲಿಗೆ ಕರ್ಕೊಂಡ್ಹೋದ್ರೂ ಬರ್ತೀನಿ."

ಶನಿವಾರ ಬೆಳಿಗ್ಗೆಯೇ ನಾನು ಹೊಸ ಸಿರಪ್ಪು ತಂದು ಅವಳ ಮುಂದಿಟ್ಟೆ. ಮೆಣಸಿಗೆ ಕುಡಿಸಲು ಹೋದರೆ ಮಗುವೇ ತುಟಿ ಬಿಗಿಹಿಡಿಯಿತು, ಯೇಸಪ್ಪನಿಗೆ ಬೇಜಾರಾಗುತ್ತೆ ಎಂದಿತು. ನನಗೂ ದೇವರಿಗೂ ಮಾತುಕತೆಯಿದೆ, ಸ್ನೇಹವಿಲ್ಲ. ಆ ದಿನ ಮಾತುಕತೆಯನ್ನೂ ನಿಲ್ಲಿಸಿದೆ.

ಭಾನುವಾರ ಗೋದಾಮು ಕಿಕ್ಕಿರಿದಿತ್ತು. ಒಳಗೆ ಕಾಲಿಟ್ಟವಳೇ ಅತ್ತಿಗೆ ಗಕ್ಕನೆ ನಿಂತಳು. ಹಿಂದಿನ ಸಂಜೆ ಅವಳು ಟೋಪಿಯನ್ನು ಕೈಗೆಟುಕುವ ಮೊಳೆಗೆ ಹಾಕಿ ಬಂದಿದ್ದಳು. ದೊಡ್ಡ ಬೋಧಕರು ಬರುತ್ತಾರೆಂದು ಯಾರೋ ಏಣಿ ಹಾಕಿ ಗೋಡೆಯನ್ನೇ ಹೊಸದಾಗಿ ಜೋಡಿಸಿದ್ದರು. ನೀಲಿ ಟೋಪಿ ಎಲ್ಲರಿಗೂ ಕಾಣುವಂತೆ ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿತ್ತು. ಏಣಿ ಅಲ್ಲಿರಲಿಲ್ಲ.

"ಬಾ, ವಾಪಸ್ ಹೋಗೋಣ," ಎಂದು ಅವಳ ಮೊಣಕೈ ಹಿಡಿದೆ.

ಅವಳು ಹಿಂದೆ ಮುಂದೆ ನೋಡಿದಳು. ಅಷ್ಟರಲ್ಲಿ ಪಾಸ್ಟರು ನಮ್ಮನ್ನು ಕಂಡು ಕೈಬೀಸಿದರು. ಮುಂದಿನ ಸಾಲಿನಲ್ಲಿ ಮೆಣಸಿಗೆಂದೇ ಕುರ್ಚಿ ಇಟ್ಟಿದ್ದರು. ಅತ್ತಿಗೆ ಹೋಗಿ ಕೂತಳು. ಅವಳ ಕಣ್ಣು ಮಾತ್ರ ಮೇಲಿನ ಮೊಳೆಯಿಂದ ಕದಲಲಿಲ್ಲ.

ಹಾಡು ಮುಗಿಯಿತು. ಬೋಧಕರು ಮೈಕು ಹಿಡಿದು, ಗೋಡೆಯ ಕಡೆ ಕೈತೋರಿಸಿ, "ಆ ಮಗು ಎಲ್ಲಿ? ಬಾ ಕಂದಾ, ಮೇಲೆ ಬಾ" ಎಂದರು. ಮೆಣಸು ಎದ್ದಳು. ಅತ್ತಿಗೆಯೂ ಎದ್ದು ಕೈಹಿಡಿದುಕೊಂಡಳು. ಮೆಟ್ಟಿಲ ಬುಡದಲ್ಲಿ ಮಗು ನಿಂತು, ಮೆಟ್ಟಿಲಿಗೆ ಬೆನ್ನಾಗಿ ತಾಯಿಯ ಕಡೆ ತಿರುಗಿತು.

"ಅಮ್ಮಾ, ದೀಪ ಎಲ್ಲ ಅಲ್ಲಾಡ್ತಿದೆ."

ಫಿಟ್ಸಿಗೆ ಮುಂಚಿನ ಆ ಮಾತು ಮನೆಯಲ್ಲಿ ಕೇಳಿದರೆ ಅತ್ತಿಗೆ ಒಲೆಯ ಮೇಲಿನದನ್ನೂ ಬಿಟ್ಟು ಓಡುತ್ತಿದ್ದಳು. ಈಗ ಅವಳು ಟೋಪಿ ತೂಗುತ್ತಿದ್ದ ಮೊಳೆಯ ಕಡೆಗೊಮ್ಮೆ ನೋಡಿದಳು. ನಾನು ಕುರ್ಚಿಗಳನ್ನು ತಳ್ಳಿಕೊಂಡು ಓಡುತ್ತಿದ್ದೆ. ಮಗು ಮರದ ಹಲಗೆಯ ಹಾಗೆ ಸೆಟೆದು ಹಿಂದಕ್ಕೆ ಬಿತ್ತು.

ತಲೆ ಮೆಟ್ಟಿಲ ಅಂಚಿಗೆ ಬಡಿಯುವ ಮೊದಲು ಅತ್ತಿಗೆ ನೆಲಕ್ಕೆ ಬಿದ್ದು ಅಂಗೈ ಒಡ್ಡಿದ್ದಳು. ತಲೆ ಅವಳ ಕೈಯ ಮೇಲೆ, ಕೈ ಸಿಮೆಂಟಿನ ಮೇಲೆ. ಮಗು ಅದುರಿದಷ್ಟು ಸಲವೂ ಅವಳ ಬೆರಳು ಅಂಚಿಗೆ ಜಜ್ಜುತ್ತಿತ್ತು. ಅವಳು ಕೈ ತೆಗೆಯಲಿಲ್ಲ. ನಾನು ನನ್ನ ಶಾಲು ಮಡಚಿ ತುರುಕಲು ನೋಡಿದೆ, ನಡುವೆ ಜಾಗವೇ ಸಿಗಲಿಲ್ಲ.

ಬೋಧಕರು ಮೈಕಿನಲ್ಲೇ ಗದರತೊಡಗಿದರು. "ಬಿಟ್ಟು ಹೋಗು! ಈ ಮಗುವನ್ನು ಬಿಟ್ಟು ಹೋಗು! ಇದು ಯಾರ ಅವಿಶ್ವಾಸ?"

"ನಂದು," ಎಂದಳು ಅತ್ತಿಗೆ. "ನಂದೇ ಅಂದ್ಕೊಳ್ಳಿ. ಸ್ವಲ್ಪ ಮೆತ್ತಗೆ ಮಾತಾಡಿ ಸ್ವಾಮಿ, ಮಗೂಗೆ ಶಬ್ದ ಆಗಲ್ಲ."

ಅದುರು ನಿಧಾನವಾಗಿ ಇಳಿಯಿತು. ಮಗು ಗೊರಕೆಯಂಥ ಉಸಿರೆಳೆಯುತ್ತಾ ಮಂಪರಿಗೆ ಜಾರಿತು. ನಾವು ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿದೆವು. ಪಾಸ್ಟರು ಒಂದು ಕುರ್ಚಿಯ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು ತಡವರಿಸಿ ಟೋಪಿ ಇಳಿಸಿದರು. ನಮ್ಮ ಪಕ್ಕ ನೆಲದಲ್ಲಿ ಕೂತು ಅದನ್ನು ಚಾಚಿದರು.

"ಮತ್ತೆ ಬರ್ತಿದೆ ಅಂತ ನನಗೊಂದು ಮಾತು ಹೇಳ್ಬಾರ್ದಿತ್ತೇನಮ್ಮಾ?"

"ವಾಸಿಯಾದವರಿಗೆಲ್ಲ ಮೊಳೆ ಹೊಡೆದಿದ್ರಿ ಪಾಸ್ಟರ್," ಎಂದಳು ಅವಳು. ಸಿಟ್ಟಿರಲಿಲ್ಲ ಅದರಲ್ಲಿ. "ಆಗದೇ ಇದ್ದೋರು ಎಲ್ಲಿ ನಿಂತ್ಕೊಂಡು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಡಿಗೆ ಗಾಡಿ ತರಿಸಿದವರೂ ಅವರೇ. ಮಗುವನ್ನು ಎತ್ತಿ ತಂದು ಅತ್ತಿಗೆಯ ತೊಡೆಯ ಮೇಲೆ ಮಲಗಿಸಿದರು.

ದಾರಿಯಲ್ಲಿ ಅವಳು ಪಿಸುಮಾತಿನಲ್ಲಿ ಪ್ರಾರ್ಥಿಸುತ್ತಿದ್ದಳು. ನಾನು ಕೇಳಬಾರದೆಂದುಕೊಂಡರೂ ಕೇಳಿಸಿತು. "ವಾಸಿ ಮಾಡು ಅಂತ ಇನ್ನು ಪೀಡಿಸಲ್ಲ ಕರ್ತನೇ. ನಿನ್ನ ಚಿತ್ತ ನನಗೆ ಅರ್ಥ ಆಗಲ್ಲ. ಬೀಳೋವಾಗ ಹಿಡ್ಕೋ. ಅಷ್ಟು ಸಾಕು, ಬೀಳೋವಾಗ ಹಿಡ್ಕೋ." ಅವಳ ಬಲಗೈಯ ಎರಡು ಬೆರಳು ಬಾತು ಕಪ್ಪಾಗಿ ಸೊಟ್ಟಗೆ ನಿಂತಿದ್ದವು. ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಹೊಲಿಯುವ ಕೈ ಅದು. ಆ ಕೈಯಿಂದಲೇ ಟೋಪಿಯ ಪಟ್ಟಿ ಬಿಗಿಯಲು ಒದ್ದಾಡುತ್ತಿದ್ದಳು. ಕೊನೆಗೆ ನಾನೇ ಬಿಗಿದೆ.

ಮೆಣಸು ಕಣ್ಣು ಅರೆತೆರೆದಳು. ನಾಲಿಗೆ ಇನ್ನೂ ತೊದಲುತ್ತಿತ್ತು. ಕೈಯಿಂದ ತಲೆ ಮುಟ್ಟಿಕೊಂಡಳು, ಟೋಪಿ ಸಿಕ್ಕಿತು. ಏನಾಗಿದೆಯೆಂದು ಅವಳಿಗೆ ತಿಳಿಯಿತು.

"ಇವತ್ತು ನಂಬಿದ್ದೆ ಅಮ್ಮಾ," ಎಂದಳು. "ನಿಜವಾಗ್ಲೂ. ಬೀಳೋವರೆಗೂ ನಂಬಿದ್ದೆ."

ಅಣ್ಣ ಸತ್ತಾಗಲೂ ಜನರೆದುರು ಅಳದವಳು ಆ ಗಾಡಿಯಲ್ಲಿ ಬಾಯಿಬಿಟ್ಟು ಅತ್ತಳು. "ನಿಂದೇನೂ ತಪ್ಪಿಲ್ಲ ಮಗಳೇ, ನಿಂದೇನೂ ತಪ್ಪಿಲ್ಲ," ಎಂದು ಟೋಪಿಯ ಮೇಲೆಯೇ ಮುತ್ತಿಟ್ಟಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಆಸ್ಪತ್ರೆಯ ಹತ್ತಿರ ಗಾಡಿಯವನು ನಿಧಾನ ಮಾಡಿ, ಯಾವ ಗೇಟು ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮುರಿದ ಬೆರಳಿನ ಕೈಯನ್ನೇ ಎತ್ತಿ ತೋರಿಸಿದಳು.

"ಆ ಎಡಗಡೇದು. ನನಗೆ ದಾರಿ ಗೊತ್ತು."