ನಾನು ಕತ್ತರಿಸದೆ ಬಿಟ್ಟ ಮೌನ

ದೆವ್ವ, ಶಕುನ, ಅಶರೀರವಾಣಿ ಇವುಗಳನ್ನು ನಾನು ನಂಬಿದವಳಲ್ಲ. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಯಾರಾದರೂ ಹೆದರಿ ಕಿರುಚಿದರೆ ನಮ್ಮ ಸಿಸ್ಟರ್ ಒಂದೇ ಮಾತು ಹೇಳುತ್ತಿದ್ದರು: ಮೊದಲು ಹೋಗಿ ಕಿಟಕಿಯ ಚಿಲಕ ನೋಡಿ ಬಾ. ಹೆಚ್ಚಿನ ಸಲ ಚಿಲಕವೇ ಸಡಿಲವಾಗಿರುತ್ತಿತ್ತು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೂ ಅದೇ ನನ್ನ ವೇದಾಂತ. ಈಗ ಹೇಳಹೊರಟ ಸಂಗತಿಯಲ್ಲಿ ಮಾತ್ರ ನಾನು ಎಲ್ಲ ಚಿಲಕಗಳನ್ನೂ ನೋಡಿ ಬಂದಿದ್ದೇನೆ. ನೀವು ನಂಬಲೇಬೇಕೆಂಬ ಒತ್ತಾಯವೇನಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರಲ್ಲಿ ಒಂದು ಪುಟ್ಟ ಸಮುದಾಯ ರೇಡಿಯೋ ಶುರುವಾಯಿತು. ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಹೊರಗಿನ ಸದ್ದು ಬಾರದಿರಲೆಂದು ಗೋಡೆಗೆ ಕಂಬಳಿ ಹೊಡೆದಿದ್ದರು. ಎಷ್ಟು ಹೊಡೆದರೂ ಶೇಂಗಾ ಎಣ್ಣೆಯ ವಾಸನೆ ಮಾತ್ರ ಒಳಗೇ ಇರುತ್ತಿತ್ತು. ಸಂಘಸಂಸ್ಥೆಗಳವರನ್ನು ವಾರಕ್ಕೊಮ್ಮೆ ಮಾತಾಡಿಸುವ ಕಾರ್ಯಕ್ರಮ ನನ್ನದು. ರಕ್ತ ಕೊಡುವವರ ಬಳಗ, ಕಿವಿ ಕೇಳದ ಮಕ್ಕಳ ಶಾಲೆ, ಗಾಯಗೊಂಡ ಬೀದಿನಾಯಿಗಳಿಗೆ ಔಷಧ ಹಾಕುವ ಟೈಲರ್ ಹೀಗೆ ಒಬ್ಬೊಬ್ಬರು. ಮೈಕು ಹಿಡಿದರೆ ಸಾಕು, ಹೊಸ ಊರಿಗೆ ಬಸ್ಸು ಹತ್ತಿದಷ್ಟು ಹಿಗ್ಗು ನನಗೆ.

ಮೊಳಕಾಲ್ಮೂರು ರಸ್ತೆಯಲ್ಲಿ, ದಾರಿ ತಪ್ಪಿ ಅಲೆಯುವ ಹೆಂಗಸರಿಗೆ ಆಸರೆ ಕೊಟ್ಟು ಅವರವರ ಮನೆ ಮುಟ್ಟಿಸುವ ನಿಲಯವೊಂದಿದೆ. ಅದನ್ನು ನಡೆಸುವ ಅನ್ನಪೂರ್ಣಕ್ಕನನ್ನು ಒಂದು ಸಲ ಅಲ್ಲಿಗೇ ಹೋಗಿ ಮಾತಾಡಿಸಿದೆ. ಪಕ್ಕದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಒಂದೊಂದು ಬೀಜವನ್ನೂ ಸೆರಗಿನಲ್ಲಿ ಒರೆಸಿಯೇ ಇಡುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಸಿಕ್ಕವಳಂತೆ. ಬಂದಾಗಿನಿಂದ ಒಂದು ಮಾತೂ ಆಡಿಲ್ಲ.

"ಕನ್ನಡದಾಕಿನೋ ತೆಲುಗಿನಾಕಿನೋ ಅದೂ ಗೊತ್ತಿಲ್ರಿ. ಗೌರಮ್ಮ ಅಂತ ನಾವೇ ಕರೀತೀವಿ. ಇನ್ನ ಸ್ವಲ್ಪ ದಿನಕ್ಕೆ ದೂರದ ದೊಡ್ಡ ನಿಲಯಕ್ಕೆ ಕಳಿಸ್ಬೇಕಾಗೈತೆ. ಅಲ್ಲಿಗೆ ಹೋದ್ರೆ ಮನೆಯೋರು ಹುಡುಕ್ಕೊಂಡು ಬಂದ್ರೂ ಸಿಗೋದು ಕಷ್ಟ," ಎಂದರು ಅನ್ನಪೂರ್ಣಕ್ಕ.

ನಾನು ಮೈಕನ್ನು ಆಕೆಯ ಮುಂದೆ ಹಿಡಿದು "ನಿಮ್ಮೂರು ಯಾವುದಮ್ಮ?" ಎಂದೆ. ನನಗೆ ಬರುವ ಹರಕು ತೆಲುಗಿನಲ್ಲೂ ಕೇಳಿದೆ. ಆಕೆ ಮೈಕಿನ ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಿ, ಮತ್ತೆ ಶೇಂಗಾಕ್ಕೆ ಕೈಹಾಕಿದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ರೇಡಿಯೋದಲ್ಲಿ ಮೌನವನ್ನು ಕತ್ತರಿಸಿ ತೆಗೆಯುವುದು ನಮ್ಮ ಕಟ್ಟುನಿಟ್ಟಿನ ಪದ್ಧತಿ. ಸಂಕಲನ ಮಾಡುವ ಶಾಹಿದಾ ಕತ್ತರಿಸಲು ಹೊರಟಳು. ಯಾವಾಗಲೂ ಹೂಂ ಅನ್ನುವ ನಾನು ಅವತ್ತು ಬೇಡವೆಂದೆ. ಅದೇ ಆಕೆಯ ಉತ್ತರ, ಇರಲಿ ಅಂದೆ.

"ಇಷ್ಟು ಖಾಮೋಷಿ ಬಿಟ್ರೆ ರೇಡಿಯೋ ಕೆಟ್ಟೋಯ್ತು ಅಂತಾರೆ ಜನ. ಫೋನ್ ಬಂದ್ರೆ ನೀವೇ ಎತ್ರಿ ಮೇಡಂ," ಎಂದಳು.

ಫೋನು ಬಂತು. ಮರುದಿನ ಮಧ್ಯಾಹ್ನ ಕಾರ್ಯಕ್ರಮದ ಪ್ರಸಾರ ಇನ್ನೂ ಮುಗಿದಿರಲಿಲ್ಲ.

"ರೇಡಿಯೋದಾಗೆ ಈಗ ಕುರೀನ ಕೂಗಿ ಕರೆದ್ಲಲ್ಲ, ಆಕಿ ನಮ್ಮಕ್ಕ. ಎಲ್ಲದಾಳೆ ಹೇಳ್ರಿ."

ಬಿ.ಜಿ. ಕೆರೆ ಕಡೆಯ ಕುರಿಗಾಹಿ, ಹೆಸರು ಓಬಯ್ಯ, ಅವತ್ತು ಮೊಳಕಾಲ್ಮೂರು ರಸ್ತೆಯ ಪಕ್ಕದಲ್ಲೇ ಕುರಿ ಮೇಯಿಸುತ್ತಿದ್ದನಂತೆ. ಯಾರೂ ಕೂಗಿಲ್ಲವೆಂದು ನಾನು ಹೇಳಿದ್ದು ಅವನ ಕಿವಿಗೇ ಬೀಳಲಿಲ್ಲ. ಕೊನೆಗೆ ನಿಲಯದ ದಾರಿ ಹೇಳಿದೆ. ಶಾಹಿದಾಳನ್ನೂ ಕರೆದುಕೊಂಡು ಆಟೋ ಹಿಡಿದೆ.

ನಾವು ಮುಟ್ಟುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ರೇಡಿಯೋ. ಗೌರಮ್ಮ ಅವನನ್ನು ಒಮ್ಮೆ ನೋಡಿ, ಗುರುತೇ ಇಲ್ಲದವಳಂತೆ ಸುಲಿಯುತ್ತ ಕೂತಿದ್ದಳು.

"ಹೆಣ್ಮಗಳನ್ನ ಹಂಗೆಲ್ಲ ಒಪ್ಸೋಕಾಗಲ್ಲಪ್ಪ. ಫೋಟೋ ಐತಾ?" ಎಂದರು ಅನ್ನಪೂರ್ಣಕ್ಕ.

"ಕುರಿ ಹಿಂದೆ ತಿರುಗೋರ ಫೋಟೋ ಯಾರ್ ತೆಗೀತಾರವ್ವ? ಕುರೀದಾದ್ರೆ ಐತೆ," ಎಂದ.

ಶಾಹಿದಾ ಧ್ವನಿಮುದ್ರಣ ಹಾಕಿದಳು. ನನ್ನ ಪ್ರಶ್ನೆ, ಹರಕು ತೆಲುಗು, ಆಮೇಲೆ ಆ ಮೌನ. ಓಬಯ್ಯ ಕೈ ಎತ್ತಿದ. "ಇಗಾ, ಇಲ್ಲೇ." ಅವನ ಕಣ್ಣು ಮುಚ್ಚಿತ್ತು. ನಮಗೆ ಮೂವರಿಗೂ ಕೇಳಿದ್ದು ಫ್ಯಾನು ಮಾತ್ರ. ಅನ್ನಪೂರ್ಣಕ್ಕ ಮೆಲ್ಲಗೆ, ಇದು ನಿನ್ನ ಆಸೆ ಕಣಪ್ಪ, ಅಂದರು.

"ನನಗೆ ಭ್ರಮೆ ಅನ್ರಿ. ಕುರಿಗೂ ಭ್ರಮೆನಾ? ಜಾಲಿ ನೆಳ್ಳಾಗೆ ಮಲಗಿದ್ದ ಕುರಿ ಅಷ್ಟೂ ಎದ್ದು ಬಂದು ರೇಡಿಯೋ ಮುಂದೆ ನಿಂತ್ವು."

ಅವರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕೂಗಂತೆ. ಹಿಂಡಿನ ಹಿಂದಿರುವವರು ಅರ್ಧ ಕೂಗಿದರೆ ಮುಂದಿರುವವರು ಉಳಿದರ್ಧ ಮುಗಿಸಬೇಕು. ಬಳ್ಳಾರಿ ಕಡೆ ಕುರಿ ಹೊಡೆದುಕೊಂಡು ಹೋಗಿದ್ದಾಗ ಅಕ್ಕನಿಗೆ ಜ್ವರ ಏರಿ, ಬಡಬಡಿಸುತ್ತ ಎದ್ದು ಹೋದವಳು ಮತ್ತೆ ಸಿಗಲಿಲ್ಲ. ಅಂದಿನಿಂದ ಓಬಯ್ಯ ಅರ್ಧವೇ ಕೂಗುತ್ತಿದ್ದ. ರೇಡಿಯೋದಲ್ಲಿ ಅವನಿಗೆ ಕೇಳಿದ್ದು ಉಳಿದರ್ಧ.

"ಹಂಗಾದ್ರೆ ನಿನ್ನರ್ಧ ಕೂಗು ನೋಡಾನ," ಎಂದರು ಅನ್ನಪೂರ್ಣಕ್ಕ.

ಅವನು ಅಂಗಳದ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂಗಿದ. ಎದೆಯಾಳದಿಂದ ಹೊರಟು ಮೇಲೇರಿದ ಸ್ವರ ತುದಿಯಲ್ಲಿ ತಟ್ಟನೆ ನಿಂತಿತು. ಮೊರ ಮಗುಚಿಕೊಂಡಿತು. ಆಕೆ ಎದ್ದು ನಿಂತಿದ್ದಳು. ಅವನು ಬಿಟ್ಟ ಜಾಗದಿಂದಲೇ ಸ್ವರ ಎತ್ತಿ, ಇಳಿಸಿ, ಕೊನೆಗೆ ನಾಲಿಗೆಯಿಂದ ಟಕ್ ಎಂದು ಮುಗಿಸಿದಳು. ಅನ್ನಪೂರ್ಣಕ್ಕ ಮತ್ತೆ ಫೋಟೋ ಕೇಳಲಿಲ್ಲ. ಶಾಹಿದಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆಯೊಂದು ಒಡೆಯಿತು.

ಆಕೆಯ ಹೆಸರು ಬೋರಕ್ಕ. ಊರವರ ವಿಚಾರಣೆ, ಪೊಲೀಸರ ಸಹಿ ಎಲ್ಲ ಮುಗಿಸಿ ಅವಳು ಮನೆಗೆ ಹೋದಳು.

ನನಗೆ ಮಾತ್ರ ಸಮಾಧಾನವಿಲ್ಲ. ಆಮೇಲೊಮ್ಮೆ ಅವರ ಹಟ್ಟಿಗೇ ಹೋದೆ. ಅದೇ ಧ್ವನಿಮುದ್ರಣವನ್ನು ಮಲಗಿದ್ದ ಕುರಿಗಳ ಮುಂದೆ ಹಾಕಿದೆ. ಒಂದೂ ತಲೆ ಎತ್ತಲಿಲ್ಲ. ಓಬಯ್ಯನೂ ಕಿವಿಗೊಟ್ಟು ಕೇಳಿ ತಲೆಯಾಡಿಸಿದ.

"ಈಗ ಇಲ್ಲ ಬಿಡ್ರಿ."

"ಅವತ್ತು ಇತ್ತಲ್ಲ?"

"ಅವತ್ತು ಆಕಿ ಅಲ್ಲಿದ್ಲಲ್ರಿ, ಈಗ ಮನ್ಯಾಗೇ ಅದಾಳೆ," ಎಂದ, ಇಷ್ಟೂ ತಿಳಿಯದವಳನ್ನು ನೋಡುವ ಹಾಗೆ. ಬೋರಕ್ಕ ಎದ್ದು ಬಂದಳು. ಸೆರಗಿನಲ್ಲಿ ಒರೆಸಿದ ಒಂದು ಹಿಡಿ ಶೇಂಗಾ ಬೀಜ ನನ್ನ ಕೈಗೆ ಹಾಕಿದಳು.

ಆ ಧ್ವನಿಮುದ್ರಣ ಇನ್ನೂ ನನ್ನ ಬಳಿ ಇದೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಫ್ಯಾನು ತಿರುಗುತ್ತದೆ, ಅಷ್ಟೇ. ಈಗಲೂ ಪ್ರತಿವಾರ ಶಾಹಿದಾ, ಯಾರದಾದರೂ ಮಾತಿನ ನಡುವೆ ಖಾಲಿ ಜಾಗ ಬಂದರೆ, ಕತ್ತರಿಸುವ ಮೊದಲು ನನ್ನ ಮುಖ ನೋಡುತ್ತಾಳೆ. ನಾನು ಬೇಡವೆಂದು ತಲೆಯಾಡಿಸುತ್ತೇನೆ. ಅವಳು ಅದನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗುತ್ತಾಳೆ.