ಅಡುಗೆಮನೆಯಿಂದ ಸೈಮಿ

ಅಮೆರಿಕದ ಕೊಲಂಬಿಯಾ ನದಿ ಸಮುದ್ರ ಸೇರುವುದಕ್ಕೆ ನಲವತ್ತು ಮೈಲಿ ಮೊದಲು ಕ್ಯಾಥ್ಲಾಮೆಟ್ ಊರಿದೆ. ಅಲ್ಲಿಯ ದಡದಲ್ಲಿ ಹಾಪಲಾ ಸಂಸಾರದ ಎರಡು ಟಗ್ ಬೋಟುಗಳಿದ್ದವು. ಮರದ ದಿಮ್ಮಿಗಳನ್ನು ತೆಪ್ಪದ ಹಾಗೆ ಕಟ್ಟಿ ಮಿಲ್ಲಿಗೆ ಎಳೆದೊಯ್ಯುವುದು ನಮ್ಮ ಕೆಲಸ. ಒಂದು ಬೋಟನ್ನು ಉರ್ಹೊ ಹಾಪಲಾ ನಡೆಸುತ್ತಿದ್ದ, ಇನ್ನೊಂದನ್ನು ಅವನ ತಮ್ಮ. ನಾನು ಉರ್ಹೊನ ಬೋಟಿನಲ್ಲಿ ಇಪ್ಪತ್ತೆರಡು ವರ್ಷ ಹಗ್ಗ ಕಟ್ಟಿದವನು. ಆದರೆ ವ್ಯವಹಾರವನ್ನೆಲ್ಲ ನಡೆಸುತ್ತಿದ್ದವಳು ಉರ್ಹೊನ ಹೆಂಡತಿ ಸೈಮಿ.

ಅವಳು ಬೋಟು ಹತ್ತುತ್ತಿರಲಿಲ್ಲ. ಕಟ್ಟಿಹಾಕಿದ ಬೋಟಿನಲ್ಲಿ ನಿಂತರೂ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅಡುಗೆಮನೆಯಲ್ಲಿ, ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ, ರೇಡಿಯೊ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಐದಕ್ಕೆ 'ಅಡುಗೆಮನೆಯಿಂದ ಸೈಮಿ' ಎಂದು ಶುರುಮಾಡಿದರೆ ಉಬ್ಬರ ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ದೊಡ್ಡ ಹಡಗು ನದಿಯಲ್ಲಿ ಮೇಲಕ್ಕೆ ಬರುತ್ತಿದೆ, ಮಿಲ್ಲಿನವರು ಇವತ್ತು ಯಾವ ಮುಖದಲ್ಲಿದ್ದಾರೆ ಎಲ್ಲ ಒಪ್ಪಿಸುತ್ತಿದ್ದಳು. ಗುರುವಾರವಾದರೆ ಕೊನೆಗೆ, ಬಟಾಣಿ ಸಾರು ಒಲೆಯ ಮೇಲಿದೆ, ತಡಮಾಡಿದವರಿಗೆ ತಳದ ಸೀಕಲು ಎಂದು ಸೇರಿಸುತ್ತಿದ್ದಳು. ತುಂಬುದನಿ ಅವಳದು. ಮೀನುಗಾರರು, ಬೇರೆ ಕಂಪನಿಯ ಬೋಟಿನವರು, ಅವಳ ಮುಖವನ್ನೇ ನೋಡದವರು ಸಹ ಗಡಿಯಾರಕ್ಕೆ ಕೀಲಿ ಕೊಡುವುದಕ್ಕೆ ಆ ದನಿಗೆ ಕಾಯುತ್ತಿದ್ದರು.

ಎಪ್ಪತ್ತೆಂಟರ ಶರತ್ಕಾಲದಲ್ಲಿ ಅವಳ ಗಂಟಲಲ್ಲೊಂದು ಗಂಟು ಕಾಣಿಸಿತು. ಪೋರ್ಟ್‌ಲ್ಯಾಂಡಿನಲ್ಲಿ ಆಪರೇಷನ್ ಆಯಿತು. ಗಂಟೇನೂ ಕೆಟ್ಟದ್ದಲ್ಲವಂತೆ, ಆದರೆ ದನಿ ಹೋಯಿತು. ತಿಂಗಳಾದ ಮೇಲೆ ಬಂದದ್ದು ಗರಗಸಕ್ಕೆ ಅರ ಹಾಕಿದಂಥ ಗೊರಗೊರ. ಅದನ್ನು ಕೇಳಿಸಿಕೊಂಡ ದಿನವೇ ಸೈಮಿ ರೇಡಿಯೊ ಮೇಲೆ ಒಂದು ಟವೆಲ್ ಹೊದಿಸಿದಳು. ಅಂಗಡಿಯಲ್ಲೂ ಬೆರಳು ತೋರಿಸಿಯೇ ಸಾಮಾನು ತರುತ್ತಿದ್ದಳು.

ಹೀಗಾಗಿ ಉರ್ಹೊ ದಡಕ್ಕಿಳಿದು ರೇಡಿಯೊ ಮುಂದೆ ಕೂತ. ಕೆಲಸ ಮುಗಿದಾಗ ಟವೆಲನ್ನು ಮತ್ತೆ ಹೊದಿಸಿಬಿಡುತ್ತಿದ್ದ. ಅವನ ಚುಕ್ಕಾಣಿ ನನ್ನ ಕೈಗೆ ಬಂತು. ದಿನಕ್ಕೆ ಹತ್ತು ಮಾತಾಡಿದರೆ ಎಂಟು ವಾಪಸು ತೆಗೆದುಕೊಳ್ಳುವ ಮನುಷ್ಯ ಅವನು. ಉಬ್ಬರ ಯಾವಾಗ ಎಂದು ಕೇಳಿದರೆ, ಪುಸ್ತಕದಲ್ಲಿದೆ ನೋಡಿಕೋ ಎನ್ನುತ್ತಿದ್ದ.

ಒಂದು ಗುರುವಾರ, ನದಿಯ ಕೆಳಗಿನ ಊರಿನ ಟಗ್ ಬೋಟಿನವನು ಆರ್ವಿಡ್ ಸ್ಟ್ರಾಂಡ್ ರೇಡಿಯೊದಲ್ಲಿ ಬಂದ. ಮಿಲ್ಲಿನ ಕೆಲಸಕ್ಕಾಗಿ ಹದಿನೈದು ವರ್ಷದಿಂದ ನಮ್ಮೊಡನೆ ಜಗಳವಾಡಿಕೊಂಡಿದ್ದವನು. ಸೈಮಿ ಎಲ್ಲಿ ಎಂದು ಕೇಳಿದ.

"ಸೈಮಿ ಇನ್ನಿಲ್ಲ. ಏನಿದ್ರೂ ನನ್ ಹತ್ರನೇ ಹೇಳು," ಎಂದ ಉರ್ಹೊ.

ನಾನಾಗ ಎಂಜಿನ್ ಸದ್ದಿನಲ್ಲಿದ್ದೆ, ಕೇಳಲಿಲ್ಲ. ನದಿಯಲ್ಲಿದ್ದ ಮಿಕ್ಕವರೆಲ್ಲ ಕೇಳಿಸಿಕೊಂಡರು.

ಭಾನುವಾರ ಬೆಳಿಗ್ಗೆ ನಾನು ಹಾಪಲಾ ಮನೆಯಲ್ಲಿ ಉರ್ಹೊನ ಜೊತೆ ಕಾಫಿ ಕುಡಿಯುತ್ತಿದ್ದೆ. ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಸೈಮಿ ಬಾಗಿಲು ಬಡಿದದ್ದಕ್ಕೆ ಹಿಟ್ಟುಗೈಯಲ್ಲೇ ಹೋಗಿ ತೆರೆದಳು. ಮದುವೆಯ ದಿನದ ಕರಿಕೋಟು ತೊಟ್ಟ ಸ್ಟ್ರಾಂಡ್, ಹಂದಿತೊಡೆಯ ದೊಡ್ಡ ಪಾತ್ರೆ ಹಿಡಿದ ಅವನ ಹೆಂಡತಿ, ಇಬ್ಬರೂ ಅತ್ತು ಮುಖ ಕೆಂಪು ಮಾಡಿಕೊಂಡು ನಿಂತಿದ್ದರು. ಸ್ಟ್ರಾಂಡ್ ಟೋಪಿ ತೆಗೆದವನು ಹಾಗೇ ನಿಂತ.

"ನೀವು... ತೀರ್ಕೊಂಡ್ರಿ ಅಂತ ಬಂದ್ವಿ," ಎಂದ.

ಸೈಮಿ ಮೊದಲ ಸಲ ಹೊರಗಿನವರ ಮುಂದೆ ಬಾಯಿ ತೆರೆದಳು. "ಯಾರು ಹೇಳಿದ್ದು?"

ಸ್ಟ್ರಾಂಡನ ಬೆರಳು ಉರ್ಹೊನ ಕಡೆ ತಿರುಗಿತು. ಉರ್ಹೊ ಕಾಫಿಯಲ್ಲಿ ಚಮಚ ಆಡಿಸುತ್ತ, "ರೇಡಿಯೊದಲ್ಲಿ ಇನ್ನಿಲ್ಲ ಅಂದೆ. ಇಲ್ವಲ್ಲ, ಮತ್ತೆ?" ಎಂದ.

ಸೈಮಿ ನಕ್ಕಳು. ಆ ನಗು ತುಕ್ಕು ಹಿಡಿದ ಸರಪಳಿ ಎಳೆದ ಹಾಗಿತ್ತು. ಅವಳೇ ಬೆಚ್ಚಿ ಕುತ್ತಿಗೆಗೆ ಕೈ ಹಚ್ಚಿ ನಿಲ್ಲಿಸಿದಳು. ಸ್ಟ್ರಾಂಡ್ ಹೇಳಿದ: "ನನ್ ಹಳೇ ಎಂಜಿನ್ನೂ ಚಳೀಲಿ ಹೀಗೇ ಕಣ್ರೀ ಶುರುವಾಗೋದು. ಆಮೇಲೆ ದಿನವೆಲ್ಲ ಓಡುತ್ತೆ." ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಸೈಮಿ ಮತ್ತೆ ನಕ್ಕಳು, ಈ ಸಲ ನಿಲ್ಲಿಸಲಿಲ್ಲ. ಪಾತ್ರೆಯನ್ನು ಮಾತ್ರ ಸ್ಟ್ರಾಂಡನ ಹೆಂಡತಿಯ ಕೈಯಿಂದ ತೆಗೆದುಕೊಂಡಳು. ಬದುಕಿದ್ದೇನೆಂದು ಹಂದಿತೊಡೆ ವಾಪಸು ಕೊಡಲಾದೀತೆ?

ಕಿಟಕಿಯಾಚೆ ಇನ್ನೂ ಎರಡು ಕಾರು ಹೂವಿನ ಸಮೇತ ಬರುತ್ತಿದ್ದವು. ಸೈಮಿ ಕೈ ಒರೆಸಿಕೊಂಡಳು, ಟವೆಲ್ ಎತ್ತಿದಳು, ಮೈಕು ಹಿಡಿದಳು.

"ಅಡುಗೆಮನೆಯಿಂದ ಸೈಮಿ. ನಾನು ಸತ್ತಿಲ್ಲ, ಗಂಟಲು ಕೆಟ್ಟಿದೆ ಅಷ್ಟೆ. ಹೂವು ತರಬೇಡಿ. ಬರೋರು ಕಾಫಿಪುಡಿ ತನ್ನಿ."

ರೇಡಿಯೊದಲ್ಲಿ ಒಂದು 'ಟಿಕ್' ಕೇಳಿತು, ಯಾರೋ ಮಾತಾಡದೆ ಮೈಕಿನ ಗುಂಡಿ ಒತ್ತಿದ್ದು, ಕೇಳಿಸಿತು ಎನ್ನುವ ನದಿಯವರ ಗುರುತು. ಇನ್ನೊಂದು. ಮತ್ತೊಂದು. ಕೆಳಗಿನಿಂದಲೂ ಮೇಲಿನಿಂದಲೂ, ಭಾನುವಾರ ನೀರಿನ ಮೇಲಿದ್ದ ಬೋಟುಗಳೆಲ್ಲ ಟಿಕ್ ಟಿಕ್ ಎಂದವು. ಉರ್ಹೊ ಎದ್ದು ಹೋಗಿ ಅಂಗಳದಲ್ಲಿ ಸೌದೆ ಜೋಡಿಸತೊಡಗಿದ. ಅವನು ಅಳುವುದು ಹಾಗೆ.

ಸೋಮವಾರ ಉರ್ಹೊ ಚುಕ್ಕಾಣಿ ವಾಪಸು ಕೇಳಿದ, ನಾನು ಸಂತೋಷದಿಂದ ಕೊಟ್ಟೆ. ಸೈಮಿ ಇನ್ನೂ ಹನ್ನೊಂದು ವರ್ಷ ಆ ಗೊರಗೊರದಲ್ಲೇ ನದಿಯನ್ನು ಆಳಿದಳು. ಹೊಸ ಹಡಗಿನವರು ಗಂಡಸೆಂದುಕೊಂಡು ಅವಳನ್ನು 'ಸಾರ್' ಎನ್ನುತ್ತಿದ್ದರು. ತಿದ್ದಬಾರದೇ ಎಂದು ಕೇಳಿದರೆ, "ಬೇಡ. ಈಗ ಒಂದೇ ಸಲಕ್ಕೆ ಮಾತು ಕೇಳ್ತಾರೆ," ಎನ್ನುತ್ತಿದ್ದಳು. ಎಂಬತ್ತೊಂಬತ್ತರಲ್ಲಿ ಮಿಲ್ಲು ನಿಂತಿತು, ಬೋಟುಗಳು ಮಾರಿಹೋದವು. ಗುರುವಾರದ ಸಾರು ಮಾತ್ರ ನಡೆಯುತ್ತಲೇ ಇತ್ತು. ಸ್ಟ್ರಾಂಡ್ ಒಂದು ವಾರವೂ ತಪ್ಪಿಸಿದವನಲ್ಲ.